ಬಿಲ್ಲೆ ತೆಗೆದ ಗದೆ

ಮದ್ದೂರಿನ ಆ ಗರಡಿಯಲ್ಲಿ ಉಸ್ತಾದ್ ಮುದ್ದಯ್ಯ ಗದೆ ತಿರುವಿ ಇಳಿಸುವವರೆಗೆ ಯಾರೂ ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣಿಗೆ ಕಾಲಿಡುವಂತಿರಲಿಲ್ಲ. ಗದೆ ಉಸ್ತಾದನ ಬೆನ್ನು ಸುತ್ತಿ ಬರಬೇಕು, ಅವನು “ಇಳೀರ್ಲಾ” ಅನ್ನಬೇಕು, ಆಮೇಲೆ ಮಿಕ್ಕವರ ಸಾಮು. ಉಸ್ತಾದನ ಕೈಲಿ ಆಗದ ದಿನ ಗದೆ ಹಿರಿಯ ಶಿಷ್ಯನ ಕೈಗೆ ಹೋಗಬೇಕು, ಅದರ ಜೊತೆಗೇ ಇಡೀ ಗರಡಿಯ ಹೊಣೆ. ಹಿರಿಯ ಶಿಷ್ಯ ಅಂದರೆ ನಯಾಜ್ ಪಾಷಾ, ಮೈಸೂರು ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್.

ಆ ಗದೆ ಮಾಡಿದವನೂ ಅವನೇ. ಹಳೆಯ ಕಲ್ಲುಗದೆ ಬಿರುಕು ಬಿಟ್ಟಾಗ ಒಳಗೆ ಟೊಳ್ಳಿರುವ ಕಬ್ಬಿಣದ ಗುಂಡು ಮಾಡಿ, ಅದರೊಳಗೆ ಭಾರದ ಬಿಲ್ಲೆಗಳನ್ನು ಪೇರಿಸಿ, ಮೇಲೊಂದು ಮುಚ್ಚಳ ತಿರುಪಿ ಬಿಗಿದಿದ್ದ. ಹೊಸಬರಿಗೆ ಬಿಲ್ಲೆ ತೆಗೆದು ಹಗುರ ಮಾಡಬಹುದು, ಪಳಗಿದವರಿಗೆ ತುಂಬಬಹುದು.

“ಇದೇನ್ಲಾ ನಯಾಜು, ಟಿಪನ್ ಕ್ಯಾರಿಯರ್ ಮಾಡ್ಕೊ ಬಂದಿದೀಯ?” ಎಂದು ಮುದ್ದಯ್ಯ ನಕ್ಕಿದ್ದ. ನಕ್ಕರೂ, ಉಸ್ತಾದ್ ತಿರುವುವಾಗ ಒಂದು ಬಿಲ್ಲೆಯೂ ಹೊರಗಿರಬಾರದೆಂದು ಕಟ್ಟುನಿಟ್ಟು ಮಾಡಿ, ತುಂಬುವ ಕೆಲಸವನ್ನು ನಯಾಜನಿಗೇ ವಹಿಸಿದ್ದ.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಮುದ್ದಯ್ಯನಿಗೆ ಟೈಫಾಯ್ಡ್ ಬಂತು. ಎದ್ದು ಗರಡಿಗೆ ಬಂದ ದಿನ ಕಡ್ಡಿಯಂತಾದ ಅವನ ತೋಳು ನೋಡಿ ನಯಾಜ್ ಗಾಬರಿಯಾದ. ಉಸ್ತಾದ್ ಆಂಜನೇಯನಿಗೆ ಕೈಮುಗಿಯುತ್ತಿರುವಾಗಲೇ ಗದೆಯನ್ನು ಮರೆಗೆ ಒಯ್ದು, ಅರ್ಧ ಬಿಲ್ಲೆಗಳನ್ನು ತೆಗೆದು, ಗಡಗಡ ಅನ್ನದಂತೆ ಗ್ಯಾರೇಜಿನ ವೇಸ್ಟ್ ಬಟ್ಟೆ ತುರುಕಿದ. ಮುದ್ದಯ್ಯ ಎತ್ತಿದ. ಗದೆ ಎದ್ದಿತು, ಬೆನ್ನು ಸುತ್ತಿತು. ಶಿಷ್ಯರೆಲ್ಲ ಜೈ ಅಂದರು. ಒಂದು ವಾರದ ಮಟ್ಟಿಗೆ ತಾನೇ ಎಂದು ನಯಾಜ್ ತನಗೆ ತಾನೇ ಸಮಾಧಾನ ಹೇಳಿಕೊಂಡ.

ವಾರ ಹೋಗಿ ಆಷಾಢ ಬಂತು, ಬಟ್ಟೆ ಒಳಗೇ ಇತ್ತು. ನಯಾಜನಿಗೆ ಕೂತರೆ ನಿಂತರೆ ಅದೇ ಚಿಂತೆ. ಬಿಗಿದ ನಟ್ಟನ್ನೇ ಮತ್ತೆ ಬಿಗಿಯುವನು, ಡ್ರೈವರುಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯುವನು. ಬೇರೆ ಯಾರಾದರೂ ಆ ಗದೆ ಮುಟ್ಟಲು ಹೋದರೆ ಓಡಿಬಂದು ಕಸಿದುಕೊಳ್ಳುವನು.

ಅಷ್ಟರಲ್ಲಿ ಮಳವಳ್ಳಿ ಗರಡಿಯವರು ಕರೆಯಲು ಬಂದರು. ಶ್ರಾವಣದ ಕಡೇ ಶನಿವಾರ ತಮ್ಮ ಕಲ್ಲುಗದೆಯನ್ನು ಮುದ್ದಯ್ಯನೇ ತಿರುವಿ ಕೊಡಬೇಕಂತೆ. ಮುದ್ದಯ್ಯ ಹಿಂದುಮುಂದು ನೋಡದೆ ಒಪ್ಪಿದ.

“ನನ್ ತೋಳು ವಾಪಸ್ ಬಂದದೆ ಕಣ್ಲಾ. ಮಳವಳ್ಳಿಯೋರ್ಗೂ ತೋರ್ಸುಮ,” ಅಂದ.

ನಯಾಜ್ ಮಾತ್ರ ಆ ಕಲ್ಲುಗದೆಯನ್ನೇ ನೆನೆದ. ಕಲ್ಲಿನಲ್ಲಿ ಬಿಲ್ಲೆ ಇಲ್ಲ, ಮುಚ್ಚಳವಿಲ್ಲ. ತಲೆ ಹಿಂದೆ ಹೋದ ಗದೆಯನ್ನು ತೋಳು ತಡೆಯದಿದ್ದರೆ ಅದು ಬೀಳುವುದು ಬೆನ್ನುಮೂಳೆಯ ಮೇಲೆಯೇ.

ಮಾರನೆಯ ಬೆಳಿಗ್ಗೆ ಹೆದರಿ ಹೆದರಿ ಒಂದು ಬಿಲ್ಲೆ ವಾಪಸ್ ಹಾಕಿದ. ಭಾರ ತಾನಾಗಿ ಉಸ್ತಾದನಿಗೆ ಬುದ್ಧಿ ಹೇಳಲಿ ಎಂಬ ಲೆಕ್ಕ. ಗದೆ ಎತ್ತಿದ ಮುದ್ದಯ್ಯ ತೂರಾಡಿದ. “ಯಾಕೋ ಮೈ ಬಗ್ತಾ ಇಲ್ಲ,” ಎಂದು ತನ್ನನ್ನೇ ಬೈದುಕೊಂಡ. ಅದಾದ ಎರಡೇ ದಿನಕ್ಕೆ ಉಸ್ತಾದನ ಹೆಂಡತಿ ಶಿವನಂಜಮ್ಮ ಗ್ಯಾರೇಜಿಗೇ ಬಂದಳು.

“ನಿಮ್ಮ ಉಸ್ತಾದ್ರಿಗೆ ಒಸಿ ಬುದ್ದಿ ಯೋಳಪ್ಪ ನಯಾಜು. ಮನೇಲೂ ದಂಡೆ ಬಸ್ಕಿ ಒಡೀತಾವ್ರೆ, ಬೆವ್ರು ಸುರ್ಸ್ಕೊಂಡು ಗಡಗಡ ನಡುಗ್ತಾವ್ರೆ. ಬ್ಯಾಡಿ ಅಂದ್ರೆ, ನಂದೇ ಸೋಂಬೇರಿತನ ಕಣಮ್ಮಿ ಅಂತಾರೆ.”

ಸೋಂಬೇರಿತನ ಅನ್ನುವ ಮಾತನ್ನು ನಯಾಜನಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೇ ಗರಡಿಗೆ ಹೋಗಿ ಬಾಗಿಲಲ್ಲಿ ಕಾದ. ಮುದ್ದಯ್ಯ ಬಂದವನೇ ಕೂತ. ನಯಾಜ್ ಅವನೆದುರೇ ಮುಚ್ಚಳ ತಿರುಪಿ, ಎಣ್ಣೆ ಮೆತ್ತಿದ ಬಟ್ಟೆಯನ್ನು ಎಳೆದು ಹೊರಗೆ ಹಾಕಿದ.

ಮುದ್ದಯ್ಯ ಬಟ್ಟೆಯನ್ನು ಕೈಗೆತ್ತಿಕೊಂಡು ನೋಡಿದ.

“ಯಾವತ್ತಿಂದ?”

“ಜ್ವರ ಬುಟ್ಟು ಬಂದ್ರಲ್ಲ, ಅವತ್ತಿಂದ. ನಿಮ್ಗೆ ನೋವಾಗ್ಬಾರ್ದು ಅಂತ, ಉಸ್ತಾದ್ರೆ.”

“ಸುಳ್ ಬೊಗಳ್ಬ್ಯಾಡ,” ಅಂದ ಮುದ್ದಯ್ಯ. “ಅವತ್ತು ಗದೇನ ನಿನ್ ಕೈಗೆ ಕೊಟ್ಬುಡುಮ ಅಂತ್ಲೇ ಬಂದಿದ್ದೆ ಕಣ್ಲಾ ನಾನು. ಕಡೇ ಸಲ ಎತ್ತಿ ನೋಡುಮ ಅಂತ ಎತ್ತುದ್ರೆ, ಎದ್ಬುಡ್ತು. ನಿಂಗೆ ಗರಡಿ ಬಾರ ವೊರಾಕೆ ಎದ್ರಿಕೆ, ನಂಗೆ ಆಸೆ ಅಚ್ಚುಬುಟ್ಟೆ.”

ಉಸ್ತಾದ್ ಹೇಳಿದ್ದು ನಿಜ. ಬಿಲ್ಲೆ ತೆಗೆಯುವಾಗ ನಯಾಜನಲ್ಲಿ ಮುದ್ದಯ್ಯನ ಮೇಲಿನ ಪ್ರೀತಿ ಎಷ್ಟಿತ್ತೋ, ಆ ಜಾಗದಲ್ಲಿ ತಾನು ನಿಲ್ಲಬೇಕಾದೀತೆಂಬ ದಿಗಿಲೂ ಅಷ್ಟೇ ಇತ್ತು.

ಶಿಷ್ಯರು ಒಬ್ಬೊಬ್ಬರಾಗಿ ಬಂದು ಸೇರಿದರು. “ತುಂಬ್ಲಾ,” ಅಂದ ಮುದ್ದಯ್ಯ. ನಯಾಜ್ ಎಲ್ಲ ಬಿಲ್ಲೆಗಳನ್ನೂ ತುಂಬಿ ಬಿಗಿದ. ಮುದ್ದಯ್ಯ ಎದ್ದು, ಎಲ್ಲರೂ ನೋಡುತ್ತಿರುವಂತೆ ಗದೆಗೆ ಕೈ ಹಾಕಿದ. ಅದು ಮೊಣಕಾಲಿನವರೆಗೆ ಬಂತು, ಅಲ್ಲಿಂದ ಮೇಲೆ ಬರಲಿಲ್ಲ. ಅವನು ಮೆಲ್ಲಗೆ ಇಳಿಸಿದ.

“ನಂದಾಯ್ತು. ಮಳವಳ್ಳಿಗೂ ಇವ್ನೇ ಓಯ್ತಾನೆ,” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಜಗಲಿಯ ಮೇಲೆ ಕೂತ.

ನಯಾಜ್ ಎತ್ತಿದ. ಗದೆ ಹೆಗಲೇರಿತು, ಬೆನ್ನು ಸುತ್ತಿತು, ಇನ್ನೊಂದು ಹೆಗಲಿಗೆ ಬಂತು. ಮೈಯೆಲ್ಲ ಬೆವತಿತ್ತು. ಇಳಿಸಿ ನಿಂತ. ಆದರೆ ಯಾರೂ ಮಟ್ಟಿಗೆ ಇಳಿಯಲಿಲ್ಲ. ಅಪ್ಪಣೆಗಾಗಿ ಎಲ್ಲರೂ ರೂಢಿಯಂತೆ ಮುದ್ದಯ್ಯನ ಮುಖವನ್ನೇ ನೋಡಿದರು, ನಯಾಜನೂ ನೋಡಿದ.

ಮುದ್ದಯ್ಯ ಬೇಕೆಂದೇ ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತ.

ಈಗ ಅವರಿಗೆ ನೋಡಲು ನಯಾಜನ ಮುಖ ಬಿಟ್ಟರೆ ಇನ್ನೊಂದಿರಲಿಲ್ಲ. “ಇಳೀರಿ,” ಅಂದ ಅವನು. ಹುಡುಗರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದರು.