ಮಂದೆ ಕಾಯುವ ಮಾಯಾಂಡಿಗೆ ಸಂದ ಮರ್ಯಾದೆ

ಮಾರ್ಕಯನ್‌ಕೋಟ್ಟೈಯ ಮಾಯಾಂಡಿ, ದೇವರಿಗೆಂದು ಬಿಟ್ಟ ಮಂದೆಯ ಮುಂದೆ ಎಂದೂ ನಡೆದವನಲ್ಲ. ನೂರಿಪ್ಪತ್ತು ಹಸುಗಳ ಹಿಂದೆ, ಎಡಗಾಲನ್ನು ತುಸು ಎಳೆಯುತ್ತ, ಉರಿಬಿಸಿಲಲ್ಲೂ ಹೆಗಲ ಕಂಬಳಿಯನ್ನು ಇಳಿಸದೆ, ಪ್ರತಿಯೊಂದನ್ನೂ ಅದರ ತಾಯಿಯ ಹೆಸರು ಸೇರಿಸಿ ಕರೆಯುತ್ತ ಬರುವನು. ತಮಿಳು ಸೀಮೆಯ ಆ ಊರಲ್ಲಿದ್ದ ಕನ್ನಡ ಮನೆಮಾತಿನ ಹನ್ನೊಂದು ಮನೆಗಳಿಗೆ ಅವನ ದನಿ ಕೇಳಿದರೇ ಸಂಜೆಯಾದಂತೆ.

ಹಿಂದೆ ಮಂದೆಗೆ ಮೂವರಿದ್ದರು. ೧೮೯೦ರಲ್ಲಿ ಇಬ್ಬರು ಮಲೆಯ ಮೇಲಿನ ಅಣೆಕಟ್ಟಿನ ಕೂಲಿಗೆ ಹತ್ತಿಹೋದರು, ಉಳಿದವನು ಇವನೊಬ್ಬನೇ. ಮೂರು ವರ್ಷ ತುಟಿ ಬಿಚ್ಚಲಿಲ್ಲ. ಕಡೆಗೊಂದು ಬೆಳಗ್ಗೆ ಊರ ಹಿರಿಯ ಚಿನ್ನಯ್ಯನ ಜಗಲಿಯ ಕೆಳಗೆ ನಿಂತು, ಕಂಬಳಿಯ ಅಂಚನ್ನು ತಿರುಚುತ್ತ ಹೇಳಿದ: "ಅಣ್ಣಾ, ಒಂದು ತಿಂಗ್ಳು ಬೇರೆ ಆಳು ಬಿಡು. ನಂಗೆ ಹಸುಗಳ ಮ್ಯಾಲೆ ಕ್ವಾಪ ಬತ್ತೈತೆ."

ಚಿನ್ನಯ್ಯ ಕೆಟ್ಟವನಲ್ಲ, ಮಾನಮರ್ಯಾದೆಯ ಲೋಕದಲ್ಲೇ ಬೆಳೆದು ತಲೆನರೆತವನು. ದೇವರ ಹಸುವಿನ ಮೇಲೆ ಕೋಪವೆಂದರೆ, ಊರು ತನ್ನನ್ನು ಕಡೆಗಣಿಸಿತೆಂಬ ನೋವೇ ಇರಬೇಕೆಂದು ಅವನು ಬಗೆದ. ದನಗಳ ಹಬ್ಬವಾದ ಮಾಟ್ಟುಪ್ಪೊಂಗಲಿನಂದು, ತನಗೇ ಸಲ್ಲುವ ಮೊದಲ ಮರ್ಯಾದೆಯನ್ನು ಬಿಟ್ಟುಕೊಟ್ಟು, ಕೆಂಪಂಚಿನ ಮುಂಡಾಸನ್ನು ಸ್ವಂತ ಕೈಯಿಂದ ಮಾಯಾಂಡಿಯ ತಲೆಗೆ ಸುತ್ತಿದ. ಜನ ಕಣ್ಣೊರೆಸಿಕೊಂಡರು. ತಲೆ ಬಗ್ಗಿಸಿಕೊಂಡೇ ಮಾಯಾಂಡಿ, "ನಾ ಕೇಳಿದ್ದು ಇದಲ್ಲಣ್ಣಾ" ಅಂದ. ಉರುಮಿ ವಾದ್ಯದ ಅಬ್ಬರದಲ್ಲೂ ಚಿನ್ನಯ್ಯನಿಗೆ ಅದು ಕೇಳಿಸಿತು. ಕೇಳಿಸದವನಂತೆ ಗಂಟು ಬಿಗಿದ.

ತಿಂಗಳು ಕಳೆಯುವುದರೊಳಗೆ ಮಾಯಾಂಡಿ ಗಬ್ಬದ ಹಸುವೊಂದಕ್ಕೆ ಕೋಲು ಬೀಸಿ, ಆ ಕೋಲನ್ನು ಅಲ್ಲೇ ಎಸೆದು, ಮಂದೆಯನ್ನು ಬೆಟ್ಟದಲ್ಲಿ ಬಿಟ್ಟುಬಂದು, ಗೋಡೆಗೆ ಮುಖಮಾಡಿ ಮಲಗಿಬಿಟ್ಟ. ಏದುಸಿರು ಬಿಡುತ್ತ ಬಂದ ಚಿನ್ನಯ್ಯನಿಗೆ ಮಾಯಾಂಡಿಯ ಹೆಂಡತಿ ಪಿಚ್ಚೈಯಮ್ಮಾಳ್ ಬಾಗಿಲಲ್ಲೇ, ದನಿಯೇರಿಸದೆ ಅಂದಳು: "ತಲೆಗೆ ಬಟ್ಟೆ ಕಟ್ಟಕ್ಕೆ ಊರೇ ಬಂತು, ಭಾವಾ. ಕೋಲು ಹಿಡಿಯಕ್ಕೆ ಒಬ್ಬ್ರೂ ಬರ್ಲಿಲ್ಲ."

ಅಂದೇ ಹನ್ನೊಂದು ಮನೆಯವರೂ ಸರದಿ ಹಾಕಿಕೊಂಡರು. ಮೊದಲ ದಿನ ಚಿನ್ನಯ್ಯನೇ ಬೆಟ್ಟ ಹತ್ತಿದ. ಹೆಂಗಸರು ಸಜ್ಜೆಯ ಗಂಜಿ ತಂದು, ಏನನ್ನೂ ಕೇಳದೆ, ಮಾಯಾಂಡಿಯ ಬಳಿ ಒಂದಷ್ಟು ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಅವನು ಗಂಜಿ ಕುಡಿದ, ಎದ್ದು ಓಡಾಡಿದ, ಒಮ್ಮೊಮ್ಮೆ ನಕ್ಕದ್ದೂ ಉಂಟು. ಆದರೆ ಮಂದೆ ಬಾಗಿಲ ಮುಂದೆ ಹಾಯುವಾಗ ಒಳಗೆ ಸರಿದುಬಿಡುತ್ತಿದ್ದ. ಹನ್ನೊಂದು ದಿನಕ್ಕೊಮ್ಮೆ ಬರುವ ಆ ಕೆಲಸ ಯಾರಿಗೂ ಭಾರವಾಗಲಿಲ್ಲ. ಚಿನ್ನಯ್ಯನನ್ನು ಕೊನೆಯುಸಿರಿನವರೆಗೆ ಸುಟ್ಟದ್ದು ಅದೇ.

ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರಿರುತ್ತಾರೆ. ದಣಿವನ್ನು ನಿಷ್ಠೆಯೊಳಗೆ ಬಚ್ಚಿಟ್ಟು ಬದುಕುವ ಈ ಜನ ಬಾಯಿ ತೆರೆಯುವುದು ಬಾಳಿನಲ್ಲಿ ಒಂದು ಸಲ, ಅದೂ ಮೆಲ್ಲಗೆ. ನಾವೋ, ಅವರನ್ನು ಮನಸಾರೆ ಕೊಂಡಾಡುತ್ತೇವೆ. ಕೊಂಡಾಡಿದರೆ ಅವರ ಕೆಲಸ ನಮ್ಮ ಹೆಗಲಿಗೆ ಬರುವುದಿಲ್ಲವಲ್ಲ.