ನೆನಪಿದ್ದಾಗಲೇ ಬರೆಸಿದ ಮಾತು

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ, ನಮ್ಮ ಬೀದಿಯ ಬಸ್ ಸ್ಟಾಪಿನಲ್ಲಿ ಒಂದು ಬೆಳಿಗ್ಗೆ ಬಸಲಿಂಗವ್ವ ನಿಂತಿದ್ದರು. ನೀಲಿ ಯೂನಿಫಾರ್ಮ್ ಹಾಕಿಕೊಂಡು, ಕೈಯಲ್ಲಿ ಬುತ್ತಿ ಹಿಡಿದುಕೊಂಡು ಡ್ಯೂಟಿಗೆ ಹೊರಟಿದ್ದರು. ಅವರು ಕೆಲಸ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ನಾನು ನಕ್ಕು, ಕೈ ಹಿಡಿದು ಮನೆಗೆ ಬಿಟ್ಟು ಬಂದೆ. ವಯಸ್ಸಾಯಿತು, ಮರೆವು ಎಂದುಕೊಂಡೆ. ನಾವೆಲ್ಲ ಹೀಗೆ ಅಂದುಕೊಂಡೇ ಒಂದೆರಡು ವರ್ಷ ಕಳೆದುಬಿಡುತ್ತೇವೆ. ನಾನೇನೂ ಬೇರೆಯವಳಲ್ಲ.

ಇದು 2006ರ ಮಾತು. ಬಸಲಿಂಗವ್ವ, ಅವರ ಯಜಮಾನರು ಮಹಾಲಿಂಗಪ್ಪ ಇಬ್ಬರೂ ವಿಜಾಪುರದ ಕಡೆಯವರು. ಮಹಾಲಿಂಗಪ್ಪ ಅಂಚೆಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಬಸಲಿಂಗವ್ವ ಹದಿನೆಂಟು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಊಟ ಮಾಡಿಸಿದವರು. ನಾನು ವತ್ಸಲಾ, ಮೈಸೂರಿನವಳು, ಅವರ ಮನೆಯಿಂದ ನಾಲ್ಕು ಬಾಗಿಲು ಆಚೆ ಇದ್ದೇನೆ. ಆಸ್ಪತ್ರೆಗಳಲ್ಲಿ ಕನ್ನಡದವರಿಗೆ ದುಭಾಷಿ ಕೆಲಸ ಮಾಡುತ್ತೇನೆ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಇದನ್ನು ಮಹಾಲಿಂಗಪ್ಪನವರೇ ಹೇಳ್ರಿ ಎಂದರು, ಅದಕ್ಕೇ ಬರೆಯುತ್ತಿದ್ದೇನೆ.

ಮರುವರ್ಷ ಮೆಮೊರಿ ಕ್ಲಿನಿಕ್ಕಿನಲ್ಲಿ ಕಾಯಿಲೆಗೆ ಹೆಸರಿಟ್ಟರು, ಆಲ್‌ಜೈಮರ್ಸ್. ಅದು ಬಸಲಿಂಗವ್ವನಿಂದ ಮೊದಲು ಕಿತ್ತುಕೊಂಡದ್ದು ಇಂಗ್ಲಿಷನ್ನು. ಹದಿನೆಂಟು ವರ್ಷ ಇಂಗ್ಲಿಷಿನಲ್ಲಿ ದುಡಿದವರು, ಮೂಲೆಯಂಗಡಿಯ ಪಂಜಾಬಿಯವನ ಹತ್ತಿರ ಹೋಗಿ ಅಪ್ಪಟ ವಿಜಾಪುರದ ಮಾತಿನಲ್ಲಿ ಹಾಲು ಕೇಳುತ್ತಿದ್ದರು. ಆ ಪುಣ್ಯಾತ್ಮ ಹಾಲೇ ಕೊಡುತ್ತಿದ್ದ. ಆದರೆ ಡಾಕ್ಟರ ಮುಂದೆ ಹಾಗೆ ನಡೆಯುವುದಿಲ್ಲವಲ್ಲ. ಅಲ್ಲಿ ಮಗ ಸಂಗಮೇಶನೇ ಮಾತು.

ಸಂಗಮೇಶ ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿದ್ದಾನೆ. ಒಳ್ಳೆಯ ಹುಡುಗ. ತಾಯಿಯ ಒಂದೊಂದು ಅಪಾಯಿಂಟ್‌ಮೆಂಟಿಗೂ ರಜೆ ಹಾಕಿ ಬರುತ್ತಿದ್ದ. ಡಾಕ್ಟರು ಪ್ರಶ್ನೆ ಕೇಳಿದರೆ ತಾಯಿ ಎರಡು ನಿಮಿಷ ಮಾತಾಡುತ್ತಿದ್ದರು, ಇವನು ಅದನ್ನು ನಾಲ್ಕು ಪದದಲ್ಲಿ ಮುಗಿಸುತ್ತಿದ್ದ. ಅಮ್ಮ ಚೆನ್ನಾಗಿದ್ದಾರೆ, ಏನೂ ಚಿಂತೆಯಿಲ್ಲ ಎನ್ನುತ್ತಿದ್ದ. ಡಾಕ್ಟರಮ್ಮ ಐರ್ಲೆಂಡಿನ ಕಡೆಯವರು, ಚುರುಕು ಹೆಂಗಸು. ಎರಡು ನಿಮಿಷದ ಮಾತು ನಾಲ್ಕು ಪದ ಆಗುವುದನ್ನು ಎರಡು ಸಲ ನೋಡಿದರು. ಮೂರನೆಯ ಸಲಕ್ಕೆ ದುಭಾಷಿ ಬೇಕು ಎಂದು ಬರೆದು ಕಳಿಸಿದರು.

ಹಾಗೆ 2008ರ ಫೆಬ್ರುವರಿಯಲ್ಲಿ ನಾನು ಆ ಕೋಣೆಯಲ್ಲಿ ಕೂತೆ. ಇವರು ನನ್ನ ಪರಿಚಯದವರು ಎಂದು ಮೊದಲೇ ಹೇಳಿದೆ. ಪರವಾಗಿಲ್ಲವೇ ಎಂದು ಡಾಕ್ಟರಮ್ಮ ಬಸಲಿಂಗವ್ವನನ್ನೇ ಕೇಳಿದರು. ವತ್ಸಲಾನ ಇರಲಿ, ಆಕಿ ನುಂಗಿ ಮಾತಾಡಾಕಿ ಅಲ್ಲ ಎಂದರು ಬಸಲಿಂಗವ್ವ. ಮಗ ತಲೆ ತಗ್ಗಿಸಿದ.

ಮುಂದಿನ ದಿನಗಳ ಬಗ್ಗೆ ಏನಾದರೂ ಹೇಳಬೇಕೆನಿಸುತ್ತದೆಯೇ ಎಂದು ಡಾಕ್ಟರಮ್ಮ ಕೇಳಿದರು. ಬಸಲಿಂಗವ್ವ ಸೆರಗು ಸರಿಮಾಡಿಕೊಂಡು, ಬಹಳ ದಿನದಿಂದ ಎಣಿಸಿಟ್ಟುಕೊಂಡವರ ಹಾಗೆ ಹೇಳಿದರು.

"ನನಗ ನನ್ನ ಮಗನ ಗುರ್ತು ಹತ್ತದಂಗ ಆದ ದಿನ, ಒಂದು ಸೂಜಿ ಚುಚ್ಚಿ ನನ್ನ ಕಳಿಸಿಬಿಡ್ರಿ ಅಂತ ಕೇಳು."

ಮಹಾಲಿಂಗಪ್ಪ ಗೋಡೆಯ ಕಡೆಗೆ ತಿರುಗಿದರು. ಇದನ್ನು ಹೇಳಬೇಡಿ ಆಂಟಿ ಎಂದು ಸಂಗಮೇಶ ಮೆಲ್ಲಗೆ ಬೇಡಿಕೊಂಡ. ಆದರೆ ಅವರ ಮಾತನ್ನು ಮೆತ್ತಗೆ ಮಾಡಲು ನಾನು ಯಾರು? ಇದ್ದದ್ದನ್ನು ಇದ್ದ ಹಾಗೇ ಇಂಗ್ಲಿಷಿಗೆ ಹೇಳಿದೆ.

ಡಾಕ್ಟರಮ್ಮ ಬೆಚ್ಚಿಬೀಳಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಈ ದೇಶದ ಕಾನೂನು ಅದನ್ನು ಒಪ್ಪುವುದಿಲ್ಲ, ನಾನೂ ಮಾಡುವಂತಿಲ್ಲ, ಮನೆಯವರು ಕೈಜೋಡಿಸಿದರೂ ಅಪರಾಧ ಎಂದು ಬಿಡಿಸಿ ಹೇಳಿದರು. ಸಂಗಮೇಶ ಹೀಗೆ ಸಾಯಲೆಂದೇ ಸ್ವಿಟ್ಜರ್ಲೆಂಡಿಗೆ ಹೋಗುವವರ ಸುದ್ದಿಯನ್ನು ಪೇಪರಿನಲ್ಲಿ ಓದಿದ್ದ, ಅದನ್ನೂ ಕೇಳಿದ. ಅಲ್ಲಿಯೂ ಆ ದಿನ ಆ ಮನುಷ್ಯನ ಬುದ್ಧಿ ಸರಿಯಾಗಿರಬೇಕಂತೆ. ಗುರುತು ಹತ್ತದಂತಾದ ಮೇಲೆ ಅಲ್ಲೂ ಆಗುವುದಿಲ್ಲ. ಹಾಗಾಗಿ ಈ ಕಾಯಿಲೆಯವರು ಹೋಗುವುದಾದರೆ ಇನ್ನೂ ಚೆನ್ನಾಗಿರುವಾಗಲೇ ಹೋಗಬೇಕಾಗುತ್ತದೆ. ಬಸಲಿಂಗವ್ವ ಯೋಚಿಸಿ, ಈಗ ಹೋಗೂದು ಬ್ಯಾಡ ಬಿಡು, ಇನ್ನೂ ಹೋಳಿಗಿ ರುಚಿ ಹತ್ತತೈತಿ ಎಂದರು. ಡಾಕ್ಟರಮ್ಮನಿಗೆ ಅದನ್ನೂ ಹೇಳಿದೆ.

ಸೂಜಿ ಬೇಕು ಎನ್ನುವಷ್ಟು ಯಾವುದಕ್ಕೆ ಹೆದರಿದ್ದಾರೆ, ಅದನ್ನು ಕೇಳಿ ಎಂದರು ಡಾಕ್ಟರಮ್ಮ. ಎರಡು ವರ್ಷದಲ್ಲಿ ನಾವ್ಯಾರೂ ಕೇಳದ ಪ್ರಶ್ನೆ ಅದು.

ಬಸಲಿಂಗವ್ವ ಹೇಳಿದರು. ನರ್ಸಿಂಗ್ ಹೋಮಿನಲ್ಲಿ ಒಬ್ಬ ಮುದುಕ ಇದ್ದ. ಯಾರ ಗುರುತೂ ಇಲ್ಲ, ನುಂಗಲು ಬಾರದು. ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಇಟ್ಟು ಅದರಲ್ಲಿ ಊಟ ಬಿಡುತ್ತಿದ್ದರು. ಅವನು ಅದನ್ನು ಕಿತ್ತು ಹಾಕುತ್ತಿದ್ದ. ಕೀಳಬಾರದೆಂದು ಎರಡೂ ಕೈಗೆ ದಪ್ಪ ಗವಸು ಕಟ್ಟಿದರು. ಮೂರು ವರ್ಷ ಹಾಗೇ ಇದ್ದ.

"ಆ ಗವಸು ಕಟ್ಟಾಕಿ ನಾನ ಇದ್ದೆ ತಂಗಿ," ಎಂದರು. "ದಿನಾ ಮುಂಜಾನೆ ಕಟ್ಟತಿದ್ದೆ. ಅಂವ ನನ್ನ ಮುಖಾ ನೋಡತಿದ್ದ."

ಅವರಿಗೆ ಸಾವಿನ ಭಯವಿರಲಿಲ್ಲ. ಭಯವೆಲ್ಲ ಆ ಗವಸಿನದು. ಸೂಜಿ ಕೇಳುವವರನ್ನೆಲ್ಲ ನಾವು ಥಟ್ಟನೆ ಬಾಯಿ ಮುಚ್ಚಿಸುತ್ತೇವೆ, ಬಿಡ್ತು ಅನ್ನು ಎನ್ನುತ್ತೇವೆ. ಆ ಮಾತಿನ ಹಿಂದೆ ಏನಿದೆ ಎಂದು ಮಾತ್ರ ಕೇಳುವುದಿಲ್ಲ. ನನಗೆ ಆ ದಿನ ನಾಚಿಕೆಯಾಯಿತು.

ಆಗ ಡಾಕ್ಟರಮ್ಮ, ಅದಕ್ಕೆ ದಾರಿಯಿದೆ ಎಂದರು. ಹಿಂದಿನ ಅಕ್ಟೋಬರಿನಲ್ಲಷ್ಟೇ ಹೊಸ ಕಾನೂನು ಪೂರ್ತಿ ಜಾರಿಗೆ ಬಂದಿತ್ತು. ಮುಂದೆ ಬುದ್ಧಿ ಕೈಕೊಟ್ಟಾಗ ಯಾವ ಚಿಕಿತ್ಸೆ ಬೇಡ ಎಂದು ಈಗಲೇ ಬರೆದಿಡಬಹುದು. ಅದಕ್ಕೆ ಅಡ್ವಾನ್ಸ್ ಡಿಸಿಷನ್ ಎನ್ನುತ್ತಾರೆ. ಪ್ರಾಣ ಉಳಿಸುವ ಚಿಕಿತ್ಸೆಯನ್ನೇ ಬೇಡ ಎನ್ನುವುದಾದರೆ, ಪ್ರಾಣಕ್ಕೆ ಅಪಾಯವಾದರೂ ಬೇಡ ಎಂದು ಸ್ಪಷ್ಟವಾಗಿ ಬರೆದು, ಸಹಿ ಮಾಡಿ, ಸಾಕ್ಷಿಯ ಸಹಿಯನ್ನೂ ಹಾಕಿಸಬೇಕು. ಬುದ್ಧಿ ನೆಟ್ಟಗಿರುವ ತನಕ ಯಾವಾಗ ಬೇಕಾದರೂ ಬದಲಾಯಿಸಬಹುದು. ಆದರೆ ಇದನ್ನು ಬರೆದು ಸಾವನ್ನು ಕೇಳುವಂತಿಲ್ಲ. ಬಾಯಿಗೆ ಕೊಡುವ ಅನ್ನ ನೀರು, ಸ್ವಚ್ಛತೆ, ನೋವಿನ ಔಷಧಿ, ಇವನ್ನು ಯಾರೂ ನಿಲ್ಲಿಸುವುದಿಲ್ಲ.

ನಾನು ಮಗ, ಕೊನೆಗೆ ನನ್ನ ಮಾತೇ ತಾನೇ ನಡೆಯುವುದು ಎಂದ ಸಂಗಮೇಶ. ಇಲ್ಲವಂತೆ. ಮಗನೋ ಗಂಡನೋ ಆದ ಮಾತ್ರಕ್ಕೆ ಇಲ್ಲಿ ಆ ಅಧಿಕಾರ ಬರುವುದಿಲ್ಲ. ಡಾಕ್ಟರು ಮನೆಯವರನ್ನು ವಿಚಾರಿಸುತ್ತಾರೆ, ಆದರೆ ತೀರ್ಮಾನ ಡಾಕ್ಟರದೇ. ಯಾರಿಗಾದರೂ ಆ ಅಧಿಕಾರ ಕೊಡಬೇಕೆಂದಿದ್ದರೆ ಅದಕ್ಕೆ ಬೇರೆಯೇ ಪತ್ರವಿದೆ, ಸರ್ಕಾರದಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮಹಾಲಿಂಗಪ್ಪ ಕೆಂಡವಾದರು. ಊಟ ಬ್ಯಾಡ ಅಂತ ಕಾಗದ ಬರೆಸುವ ಸಂಸಾರ ಯಾವ ಊರಲ್ಲಿದೆ ಎಂದರು. ಶರಣರ ಮನೆಯಲ್ಲಿ ಹಸಿದು ಸಾಯಿಸುವುದೇ ಎಂದರು. ಒಂದು ವಾರ ನನ್ನನ್ನು ಕಂಡರೆ ಆಚೆ ಫುಟ್‌ಪಾತಿಗೆ ಹೋಗುತ್ತಿದ್ದರು. ಶನಿವಾರ ಮಾತ್ರ ಊಟಕ್ಕೆ ಬರ್ರಿ ಎಂದು ಕರೆದರು. ಸಿಟ್ಟಿನ ಮನುಷ್ಯ, ಆದರೆ ಊಟಕ್ಕೆ ಕರೆಯುವುದನ್ನು ಬಿಡುವವರಲ್ಲ.

ಈಗ ರೊಟ್ಟಿ ಬಡಿಯುವವರು ಅವರೇ. ಬಸಲಿಂಗವ್ವ ಮೇಜಿನ ಮುಂದೆ ಕೂತಿದ್ದರು. ಮಹಾಲಿಂಗಪ್ಪ ಒಲೆಯ ಕಡೆ ಮುಖ ಮಾಡಿಕೊಂಡೇ ತಮ್ಮ ಪ್ರಶ್ನೆ ಹಾಕಿದರು.

"ಇನ್ನು ಮೂರು ವರ್ಷಕ್ಕ ಈಕಿ ಎಲ್ಲಾ ಮರತು, ಕೂಸಿನಂಗ ನಕ್ಕೋತ ಇದ್ದಳು ಅಂತ ತಿಳ್ಕೋರಿ. ಆವತ್ತಿನ ಆಕಿಗೆ ಬದುಕಬೇಕಂತಿದ್ರ? ಇವತ್ತಿನ ಈಕಿ ಬರದ ಕಾಗದ ಆಕಿನ್ನ ಕೊಲ್ಲಬೇಕೇನು?"

ಅದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ದೊಡ್ಡವರೂ ಇದರ ಮೇಲೆ ಜಗಳಾಡುತ್ತಾರೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಉತ್ತರ ಕೊಟ್ಟವರು ಬಸಲಿಂಗವ್ವ.

"ನಕ್ಕೋತ ಇದ್ರ ತುತ್ತು ಮಾಡಿ ಬಾಯಾಗ ಇಡ್ರಿ. ಬಾಯಿ ತಗದ್ರ ಉಣಸ್ರಿ. ಬಾಯಿ ಮುಚ್ಚಿದ್ರ ಬಿಡ್ರಿ. ಟ್ಯೂಬ್ ಬ್ಯಾಡ. ಇಷ್ಟ ನಾ ಹೇಳೂದು."

ಮಹಾಲಿಂಗಪ್ಪ ರೊಟ್ಟಿ ತಂದರು. ಹೆಂಡತಿಯ ತಟ್ಟೆಗೆ ಇನ್ನೊಂದು ಹಾಕಲು ಹೋದರು. ಬಸಲಿಂಗವ್ವ ಸಾಕು ಎಂದು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟರು. ನಮ್ಮಲ್ಲಿ ಸಾಕು ಎಂದರೆ ಯಾರು ಕೇಳುತ್ತಾರೆ? ಮೈಸೂರಿನಲ್ಲೂ ಅಷ್ಟೇ, ವಿಜಾಪುರದಲ್ಲಂತೂ ಕೇಳುವುದೇ ಬೇಡ. ಸಾಕು ಎಂದವರಿಗೆ ಇನ್ನೊಂದು ಹಾಕದಿದ್ದರೆ ಮರ್ಯಾದೆಯೇ ಹೋದಂತೆ. ಮಹಾಲಿಂಗಪ್ಪ ಯಾವಾಗಲೂ ಮಾಡುವ ಹಾಗೆ ರೊಟ್ಟಿಯನ್ನು ಆ ಕೈ ಮೇಲೇ ಹಾಕಿದರು.

ಬಸಲಿಂಗವ್ವ ಇನ್ನೊಂದು ಕೈಯಿಂದ ಗಂಡನ ಮಣಿಕಟ್ಟು ಹಿಡಿದುಕೊಂಡರು.

"ನಾ ಸಾಕಂದ್ರ ನೀವು ಕೇಳಬೇಕ್ರಿ. ಮುಂದ ನನಗ ಸಾಕು ಅನ್ನಾಕೂ ಬರೂದಿಲ್ಲ."

ಮಹಾಲಿಂಗಪ್ಪ ಆ ರೊಟ್ಟಿಯನ್ನು ಹೆಂಡತಿಯ ಕೈ ಮೇಲಿಂದ ವಾಪಸು ತೆಗೆದುಕೊಂಡರು. ನಲವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಇರಬೇಕು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಸೋಮವಾರ ಅವರೇ ಕ್ಲಿನಿಕ್ಕಿಗೆ ಫೋನ್ ಮಾಡಿದರು.

ಸಹಿ ಹಾಕುವ ದಿನ ಬಂತು. ಬಸಲಿಂಗವ್ವ ಕೋಣೆಗೆ ಬಂದು ನನ್ನನ್ನೇ ನೀ ಯಾರವ್ವಾ ಎಂದು ಕೇಳಿದರು. ಎರಡು ದಿನದಿಂದ ಜ್ವರ, ಮೂತ್ರದ ಸೋಂಕು. ಡಾಕ್ಟರಮ್ಮ ಫೈಲು ಮುಚ್ಚಿದರು. ತಿಳಿಯದೆ ಹಾಕಿದ ಸಹಿಗೆ ಬೆಲೆಯಿಲ್ಲ, ಹಾಕಿಸುವುದೂ ತಪ್ಪು ಎಂದರು. ಸಂಗಮೇಶ ಕಾರಿಡಾರಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಮೊದಲ ಸಲ ಬಂದಾಗಲೇ ಅಮ್ಮ ಟ್ಯೂಬಿನ ಮಾತು ಎತ್ತಿದ್ದರಂತೆ. ಇವನೇ ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಆಗಲೇ ಹೇಳಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಹುಡುಗ ಬಿಕ್ಕಿದ. ಮುಂದಿನ ಮೂರು ವಾರ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ಸೋಂಕು ಇಳಿಯಿತು. ಪುಣ್ಯಕ್ಕೆ ಬುದ್ಧಿಯೂ ತಿಳಿಯಾಯಿತು. ಮನೆಯವರನ್ನು ಹೊರಗೆ ಕೂರಿಸಿ, ಯಾಕೆ ಬರೆಸುತ್ತೀರಿ, ಹೀಗೆ ಬರೆಸಿದರೆ ಏನಾಗುತ್ತದೆ ಎಂದು ಡಾಕ್ಟರಮ್ಮ ಕೇಳಿದರು. ಬಸಲಿಂಗವ್ವ ತಮ್ಮ ಮಾತಿನಲ್ಲೇ ಹೇಳಿದರು. ಸಾಯುತೀನಿ ಅನ್ನೂದು ಗೊತ್ತೈತಿ, ಹುಚ್ಚಿ ಅಲ್ಲ ನಾ ಎಂದರು. ಕಾಗದವನ್ನು ನಾನು ಕನ್ನಡದಲ್ಲಿ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ತಡೆದು, ಕೊರಳಿನ ಲಿಂಗವನ್ನು ಯಾವ ಆಸ್ಪತ್ರೆಯಲ್ಲೂ ಬಿಚ್ಚಬಾರದು ಎಂದು ಸೇರಿಸಲು ಹೇಳಿದರು. ಆಮೇಲೆ ಕನ್ನಡದಲ್ಲಿ ಸಹಿ ಮಾಡಿದರು. ಸಾಕ್ಷಿಗೆ ಕ್ಲಿನಿಕ್ಕಿನ ನರ್ಸ್ ಸಹಿ ಹಾಕಿದರು. ಒಂದು ಪ್ರತಿ ಅವರ ಜಿಪಿಗೆ, ಅಂದರೆ ಮನೆ ಡಾಕ್ಟರಿಗೆ, ಒಂದು ಆಸ್ಪತ್ರೆಗೆ, ಒಂದು ಮನೆಗೆ.

ಮುಂದಿನ ವರ್ಷ ನವೆಂಬರಿನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ನುಂಗುವುದು ತೀರಾ ಕಷ್ಟವಾಯಿತು. ಮಗನ ಗುರುತು ಹೋಗಿ ಆಗಲೇ ಎಂಟು ತಿಂಗಳಾಗಿತ್ತು. ವಾರ್ಡಿನ ಎಳೆಯ ಡಾಕ್ಟರು ಟ್ಯೂಬಿನ ಮಾತೆತ್ತಿದರು. ಸಂಗಮೇಶ ಕಾಗದ ಕೊಟ್ಟ. ಅವರು ಓದಿ, ತಲೆಯಾಡಿಸಿ, ಟ್ಯೂಬನ್ನು ಕೈಬಿಟ್ಟು ನೋವಿಗೆ ಬೇಕಾದ್ದನ್ನೆಲ್ಲ ಬರೆದು ಮನೆಗೆ ಕಳಿಸಿದರು. ಮಹಾಲಿಂಗಪ್ಪ ದಿನವೂ ಚಮಚದಲ್ಲಿ ಗಂಜಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಬಸಲಿಂಗವ್ವ ಒಂದೆರಡು ದಿನ ಬಾಯಿ ತೆರೆದರು. ಆಮೇಲೆ ತೆರೆಯಲಿಲ್ಲ. ಮಹಾಲಿಂಗಪ್ಪ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರು, ಬಲವಂತ ಮಾಡಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಬಸಲಿಂಗವ್ವ ಲಿಂಗೈಕ್ಯರಾದರು. ಕೈಗಳಿಗೆ ಯಾವ ಗವಸೂ ಇರಲಿಲ್ಲ.

ತಿಂಗಳಾದ ಮೇಲೆ ಮಹಾಲಿಂಗಪ್ಪ ನಮ್ಮ ಮನೆ ಬಾಗಿಲಿಗೆ ಬಂದರು. ನಾ ಆಕಿನ್ನ ಹಸಿವಿಂದ ಕೊಂದೆ ಅಂತ ಒಂದು ದಿನಾನೂ ಅನಸಲಿಲ್ಲ, ಆಕಿ ಹೇಳಿದ್ದು ಮಾಡೀನಿ ಎಂದರು. ಆಮೇಲೆ ನಂದೂ ಒಂದು ಕಾಗದ ಬರೀಬೇಕು ಎಂದರು. ನಾನು ಪೆನ್ನು ತೆಗೆದುಕೊಂಡೆ.

"ನನಗ ಮಾತ್ರ ಟ್ಯೂಬ್ ಹಾಕ್ರಿ ಅಂತ ಬರೀರಿ. ಏನೇನೈತಿ ಎಲ್ಲಾ ಮಾಡ್ರಿ ಅಂತ ಬರೀರಿ. ನಾ ಅಷ್ಟು ಸಲೀಸಾಗಿ ಹೋಗಾಂವ ಅಲ್ಲ."

ನಾನು ನಕ್ಕೆ, ಆದರೆ ಅವರು ನಗಲಿಲ್ಲ. ಡಾಕ್ಟರಮ್ಮನನ್ನು ಕೇಳಿದೆ. ಬೇಕು ಎಂದು ಬರೆದದ್ದಕ್ಕೆ ಬೇಡ ಎಂಬುದಕ್ಕಿರುವಷ್ಟು ಬಲ ಕಾನೂನಿನಲ್ಲಿ ಇಲ್ಲ. ಆದರೆ ಡಾಕ್ಟರು ಅದನ್ನು ಓದಿ, ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹಾಗೇ ಬರೆದೆವು. ಆ ಕಾಗದ ಈಗ ಅವರ ಜಿಪಿಯ ಹತ್ತಿರ ಇದೆ.

ನೋಡಿ, ಒಂದೇ ಮನೆ, ಒಂದೇ ಒಲೆ. ಹೆಂಡತಿಗೆ ಒಂದು ಬೇಕಿತ್ತು, ಗಂಡನಿಗೆ ಅದರ ವಿರುದ್ಧದ್ದೇ ಬೇಕು. ಬಸಲಿಂಗವ್ವನಿಗೆ ಏನು ಬೇಕೆಂದು ಮಹಾಲಿಂಗಪ್ಪ ಊಹಿಸಿ ಹೇಳಿದ್ದರೆ, ತಮಗೆ ಬೇಕಾದ್ದನ್ನೇ ಹೇಳಿಬಿಡುತ್ತಿದ್ದರು. ಆಕೆಯ ಕೈಗೆ ಗವಸು ಬೀಳುತ್ತಿತ್ತು. ಅದೂ ಪ್ರೀತಿಯಿಂದಲೇ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯಲ್ಲಿ ಮರೆವು ಶುರುವಾಗಿದ್ದರೆ ಈ ವಾರವೇ ಜಿಪಿಗೆ ತೋರಿಸಿ. ಕನ್ನಡದ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ. ಬೇಡ ಎಂದು ಬರೆಸಿ ಎಂದು ನಾನು ಹೇಳುತ್ತಿಲ್ಲ, ಬೇಕು ಎಂದು ಬರೆಸಿ ಎಂದೂ ಹೇಳುತ್ತಿಲ್ಲ. ನಿಮ್ಮ ತಾಯಿಗೆ ಏನು ಬೇಕೋ ನನಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ನಿಮಗೂ ಗೊತ್ತಿಲ್ಲ. ಹೋಗಿ ಅವರನ್ನೇ ಕೇಳಿ, ಇವತ್ತೇ.