ಕಡೇ ಸಾಲಿಗೆ ನೂಕುನುಗ್ಗಲು

ಊರಿನ ಚರ್ಚಿಗೆ ಬಂದ ಹೊಸ ಪಾದ್ರಿಗಳಿಗೆ ಬೈಬಲಿನ ಮಾತನ್ನು ಬೈಬಲಿನ ಧಾಟಿಯಲ್ಲಿ ಹೇಳುವುದೆಂದರೆ ಆಗದು. ಅವರದೇನಿದ್ದರೂ ಜಗಲಿಯ ಮೇಲೆ ಕೂತು ಆಡುವ ಮಾತು. ಆ ಭಾನುವಾರ ಯೇಸು ಹೇಳಿದ ಮದುವೆಯೂಟದ ದೃಷ್ಟಾಂತ ಕಥೆಯನ್ನು ಎತ್ತಿಕೊಂಡರು.

"ನೋಡ್ರಪ್ಪಾ, ಯಾರೋ ಮದುವೆ ಊಟಕ್ಕೆ ಕರೀತಾರೆ. ಹೋದವರೇ ಮೊದಲ ಸಾಲಲ್ಲಿ ಜಪ್ಪಯ್ಯ ಅಂದ್ರೂ ಏಳದ ಹಾಗೆ ಕೂತ್ಕೋಬೇಡಿ. ನಿಮಗಿಂತ ದೊಡ್ಡೋರು ಬಂದ್ರೆ ಮನೆಯವರು 'ಸ್ವಲ್ಪ ಏಳ್ತೀರಾ' ಅಂತಾರೆ. ಆಗ ಮುಖ ಎಲ್ಲಿಟ್ಕೋತೀರಿ? ಸುಮ್ನೆ ಕಡೇ ಸಾಲಲ್ಲಿ ಕೂತ್ಕೊಳ್ಳಿ. ಅವರೇ ಓಡಿ ಬಂದು 'ಅಯ್ಯೋ, ನೀವ್ಯಾಕೆ ಇಲ್ಲಿ, ಮುಂದೆ ಬನ್ನಿ' ಅಂತ ಕೈ ಹಿಡಿದು ಕರ್ಕೊಂಡು ಹೋಗ್ತಾರೆ. ತಗ್ಗಿದವನೇ ಮೇಲೇರೋದು. ತಿಳೀತಾ?"

ಎಲ್ಲರಿಗೂ ತಿಳಿಯಿತು. ಬೇಕಾದ್ದಕ್ಕಿಂತ ತುಸು ಹೆಚ್ಚಾಗಿಯೇ ತಿಳಿಯಿತು.

ಕುರ್ಚಿಯಣ್ಣನಿಗಂತೂ ಅದು ತನಗೇ ಹೇಳಿದ ಮಾತಿನಂತೆ ಕೇಳಿಸಿತು. ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವುದು ಅವನ ಕಸುಬು. ಮೂರು ವರ್ಷದ ಹಿಂದೆ ತಂಗಿಯ ಹೊಸ ಮನೆಯ ಊಟದ ದಿನ, ಕುರ್ಚಿಗಳೆಲ್ಲ ತನ್ನವೇ ಎಂಬ ಧಿಮಾಕಿನಲ್ಲಿ ಮೊದಲ ಸಾಲಿನ ನಟ್ಟನಡುವೆ ಕೂತಿದ್ದ. ಅವಳ ಗಂಡನ ಮೇಲಧಿಕಾರಿ ಬಂದಾಗ ತಂಗಿ ಎಲ್ಲರೆದುರಿಗೇ ಅವನನ್ನು ಎಬ್ಬಿಸಿದ್ದಳು. ಎದ್ದವನು ಊಟವನ್ನೂ ಮಾಡದೆ ಮನೆಗೆ ಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಈಗ ಬರುವ ಶನಿವಾರ ತಂಗಿಯ ಮಗಳ ಮದುವೆ. ಕರೆಯೋಲೆಯೇನೋ ಬಂದಿತ್ತು, ಅಂಚೆಯಲ್ಲಿ! ಎರಡು ಬೀದಿ ಆಚೆಗಿರುವ ತಂಗಿ ಒಡಹುಟ್ಟಿದವನಿಗೆ ಅಂಚೆಚೀಟಿ ಅಂಟಿಸಿ ಕಳಿಸಿದರೆ ಅದನ್ನು ಕರೆಯುವುದೆನ್ನಬೇಕೋ ಬೈಯುವುದೆನ್ನಬೇಕೋ, ನೀವೇ ಹೇಳಿ.

"ನಾನು ಕಡೇ ಸಾಲಲ್ಲಿ ಕೂತ್ಕೋತೀನಿ ಕಣೆ," ಎಂದ ಹೆಂಡತಿಗೆ. "ಅವಳೇ ಬಂದು ಎಲ್ಲರೆದುರಿಗೆ ಮುಂದೆ ಕರೀಬೇಕು. ಕರೆದ್ರೆ ಹಳೇದೆಲ್ಲ ಮರೀತೀನಿ. ಕರೀದಿದ್ರೆ ಅವಳ ಮನೆ ಹೊಸಿಲು ಇನ್ನು ತುಳಿಯೋಲ್ಲ."

"ಅಬ್ಬಬ್ಬಾ, ತಗ್ಗೋಕೂ ಇಷ್ಟು ಜಂಬಾನಾ!" ಎಂದಳು ಅವಳು.

ಶನಿವಾರ ಕುರ್ಚಿಯಣ್ಣ, ಗಂಡಿನ ಕಡೆಯವರು ಬಾಡಿಗೆಗೆ ಹೇಳಿದ್ದ ಪ್ರಕಾರ, ಸಭಾಂಗಣದಲ್ಲಿ ಹತ್ತು ಸಾಲು ಕುರ್ಚಿ ಹಾಕಿ, ಹತ್ತನೆಯ ಸಾಲಿನ ಮೂಲೆಯಲ್ಲಿ ಪಾಪದವನ ಮುಖ ಮಾಡಿಕೊಂಡು ಕೂತ. ಆಗ ನಿವೃತ್ತ ಹೆಡ್‌ಮಾಸ್ತರರು ಬಂದರು. ಇವನನ್ನು ನೋಡಿ ಮುಗುಳ್ನಕ್ಕು, ಮುಂದಿನ ಸಾಲಿನಿಂದ ಒಂದು ಕುರ್ಚಿ ಎತ್ತಿ ತಂದು ಇವನ ಬೆನ್ನ ಹಿಂದೆ ಹಾಕಿಕೊಂಡರು.

"ನಾನ್ಯಾವ ಮಹಾ? ನನಗೆ ಇಲ್ಲೇ ಸಾಕು."

ಎಲಾ ಇವನ! ಕುರ್ಚಿಯಣ್ಣ ಎದ್ದು ತನ್ನ ಕುರ್ಚಿಯನ್ನು ಅವರ ಹಿಂದೆ ಹಾಕಿದ. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದು ಅವನ ಹಿಂದೆ ಹಾಕಿಕೊಂಡರು. ಬಂದವರೆಲ್ಲ ಅದೇ ಪ್ರವಚನ ಕೇಳಿದವರು ತಾನೆ! ಅರ್ಧ ಗಂಟೆಯಲ್ಲಿ ಕಡೇ ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಬೀದಿಗೆ ಬಂದು ನಿಂತಿತು. "ನೀವು ಮುಂದೆ ಹೋಗಿ," "ಛೆ ಛೆ, ನೀವೇ ಹೋಗಿ," ಎನ್ನುತ್ತ ವಿನಯದಲ್ಲೇ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು. ಬಸ್ಸೊಂದು ಹಾರ್ನ್ ಹೊಡೆದಾಗ ಹೆಡ್‌ಮಾಸ್ತರರು ಡ್ರೈವರನಿಗೆ "ತಗ್ಗೋದು ಕಲಿಯಪ್ಪ" ಎಂದು ಬುದ್ಧಿ ಹೇಳಿದರು. ಕೊನೆಗೆ ಬೀದಿಯ ತುದಿಯಲ್ಲಿ, ಔಷಧಿ ಅಂಗಡಿಯ ಮುಂದೆ, ಕುರ್ಚಿಯಣ್ಣನೇ ಕಟ್ಟಕಡೆಯವನಾಗಿ ಗೆದ್ದ. ತಡವಾಗಿ ಬಂದ ಪಾದ್ರಿಗಳು ಮಾತ್ರ ಒಳಗೆಲ್ಲ ಖಾಲಿಯಿರುವುದನ್ನು ಕಂಡು, ಮೊದಲ ಸಾಲಿನಲ್ಲಿ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತು ಊಟ ಶುರುಮಾಡಿದ್ದರು.

ತಂಗಿ ಹೊರಗೆ ಬಂದವಳೇ ತಲೆಯ ಮೇಲೆ ಕೈ ಹೊತ್ತಳು.

"ಇದೇನ್ರೀ ಇದು ಅವತಾರ! ಊಟ ಆರಿಹೋಗ್ತಿದೆ, ಎಲ್ರೂ ಮುಂದೆ ಬನ್ನಿ!"

'ಮುಂದೆ ಬನ್ನಿ' ಎಂಬ ಮಾತು ಬಿದ್ದದ್ದೇ ತಡ, ವಿನಯವಂತರೆಲ್ಲ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಎದ್ದೆನೋ ಬಿದ್ದೆನೋ ಎಂದು ಮೊದಲ ಸಾಲಿಗೆ ಓಡಿದರು. ಬೀದಿ ಖಾಲಿಯಾಯಿತು.

ಕುರ್ಚಿಯಣ್ಣ ಅಲುಗಲಿಲ್ಲ. ಎಲ್ಲರೂ ಎಂದರೆ ತಾನೂ ಸೇರಿದಂತೆಯೇ? ಅವನಿಗೆ ಬೇಕಿದ್ದದ್ದು ಸಗಟಿನ ಕರೆಯಲ್ಲ. ಇನ್ನು ಎದ್ದು ಮನೆಗೆ ಹೋಗುವುದೇ ಸರಿ ಎಂದುಕೊಂಡಾಗ ಅವನಿಗೆ ಅಳುವೇ ಬಂತು.

ತಂಗಿ ದೂರದಿಂದ ಅವನನ್ನೇ ನೋಡಿದಳು. ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬೀದಿಯುದ್ದಕ್ಕೂ ನಡೆದು ಬಂದಳು.

"ಸರ್ಕೋ ಅಣ್ಣ. ಬೆಳಗಿಂದ ನಿಂತು ನಿಂತು ಕಾಲು ಬಿದ್ದುಹೋಗಿದೆ," ಎಂದು ಅವನದೇ ಕುರ್ಚಿಯ ಅರ್ಧಕ್ಕೆ ಕೂತಳು.

"ಅಂಚೇಲಿ ಕಳಿಸ್ತೀಯಾ ನನಗೆ?" ಎಂದ ಅವನು, ಬೇರೆ ಕಡೆ ನೋಡುತ್ತ.

"ನಾಲ್ಕು ಸಲ ನಿನ್ನ ಮನೆ ಬಾಗಿಲಿಗೆ ಬಂದೆ. ಬೆಲ್ ಒತ್ತೋಕೆ ಧೈರ್ಯ ಬರ್ಲಿಲ್ಲ. ನನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡ್ರೆ ಏನ್ಮಾಡ್ಲಿ ಅಂತ, ನಾಲ್ಕು ಸಲಾನೂ ವಾಪಸ್ ಹೋದೆ."

"ನಾನು ಹಾಕ್ಕೋತೀನೇನೇ, ಹುಚ್ಚಿ..." ಎನ್ನುವಷ್ಟರಲ್ಲಿ ಇಬ್ಬರ ಭಾರಕ್ಕೆ ಕುರ್ಚಿ ಲಟಕ್ಕನೆ ಮುರಿಯಿತು. ಅಣ್ಣ ತಂಗಿ ಇಬ್ಬರೂ ದೊಪ್ಪನೆ ಬೀದಿಗೆ ಬಿದ್ದರು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವಳೇ ಮೊದಲು ಎದ್ದು ಕೈ ಚಾಚಿದಳು. "ಇದಕ್ಕಿಂತ ಕೆಳಗೆ ಇನ್ನು ಜಾಗ ಇಲ್ಲ ಅಣ್ಣ. ಈಗಲಾದ್ರೂ ಮುಂದೆ ಬಾ."